ಕವಡೆಯ ಮುಂದೆ ಎಲ್ಲರೂ ಸಮ

ಕುಟುಂಬವೆಂಬುದು ಸಮಾನರ ಕೂಟವಲ್ಲ. ಒಂದೇ ಸೂರಿನಡಿ ಬದುಕುವ ಅಜ್ಜಿ, ಮಗ, ಸೊಸೆ ಮತ್ತು ಆರು ವರ್ಷದ ಮೊಮ್ಮಗಳ ನಡುವೆ ವಯಸ್ಸು, ಅನುಭವ, ಮಾತಿನ ತೂಕ, ಮನೆಯ ಹಣದ ಮೇಲಿನ ಹಿಡಿತ ಇವೆಲ್ಲದರಲ್ಲೂ ಅಂತರಗಳಿರುತ್ತವೆ. ಊಟಕ್ಕೆ ಬಡಿಸುವುದರಿಂದ ಹಿಡಿದು ಮಗ್ಗಿ ಒಪ್ಪಿಸುವವರೆಗೆ ದಿನದ ಬಹುಪಾಲು ವ್ಯವಹಾರಗಳು ಈ ಅಂತರಗಳಿಗೆ ತಕ್ಕಂತೆಯೇ ನಡೆಯುತ್ತವೆ. ಇಂಥ ಅಸಮಾನರು ಒಂದು ಗಂಟೆಯ ಮಟ್ಟಿಗಾದರೂ ನಿಜವಾದ ಎದುರಾಳಿಗಳಾಗಿ, ಯಾರೂ ಯಾರಿಗೂ ಸೋತಂತೆ ನಟಿಸದೆ ಎದುರುಬದುರು ಕೂರಬೇಕಾದರೆ ಅದಕ್ಕೆ ಒಂದು ಸಾಧನ ಬೇಕಾಗುತ್ತದೆ. ಕರ್ನಾಟಕದ ಮನೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವ ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ, ಪಗಡೆ, ಪರಮಪದ ಸೋಪಾನ, ಇಸ್ಪೀಟು ಮೊದಲಾದ ಕೂತಾಡುವ ಆಟಗಳು ಅಂಥ ಸಾಧನಗಳೇ ಆಗಿದ್ದು, ಅವನ್ನು ಬರಿಯ ಕಾಲಹರಣವೆಂದು ಬದಿಗೆ ಸರಿಸದೆ ಅವುಗಳ ಒಳಗಟ್ಟನ್ನು ಬಿಡಿಸಿ ನೋಡಿದರೆ, ದೊಡ್ಡವರೂ ಚಿಕ್ಕವರೂ ಒಂದೇ ಕಟ್ಟಳೆಗೆ ಒಳಪಡುವುದನ್ನು ಅವು ಎಷ್ಟು ಜಾಣತನದಿಂದ ಸಾಧಿಸಿವೆ ಎಂಬುದು ತಿಳಿಯುತ್ತದೆ.

ಆಟಗಳನ್ನು ಕುರಿತ ಗಂಭೀರ ಚಿಂತನೆ 20ನೇ ಶತಮಾನದಲ್ಲಿ ಬಲಗೊಂಡಿತು. ಡಚ್ ಇತಿಹಾಸಕಾರ ಯೋಹಾನ್ ಹೈಸಿಂಗಾ 1938ರಲ್ಲಿ ಪ್ರಕಟಿಸಿದ 'ಹೋಮೋ ಲೂಡೆನ್ಸ್' ಎಂಬ ಗ್ರಂಥದಲ್ಲಿ, ಆಟವು ಸಂಸ್ಕೃತಿಯ ಅಲಂಕಾರವಲ್ಲ, ಸಂಸ್ಕೃತಿ ಮೂಡಿಬಂದ ನೆಲೆಗಳಲ್ಲೊಂದು ಎಂದು ವಾದಿಸಿದನು. ಅವನ ಬಳಿಕ ಫ್ರಾನ್ಸಿನ ರೋಜೆ ಕಾಯ್ವಾ 1958ರ ತನ್ನ ಗ್ರಂಥದಲ್ಲಿ ಆಟಗಳನ್ನು ಸ್ಪರ್ಧೆ, ಅದೃಷ್ಟ, ಅನುಕರಣೆ ಮತ್ತು ತಲೆಸುತ್ತಿನ ಸುಖ ಎಂಬ ನಾಲ್ಕು ಬಗೆಗಳಾಗಿ ವಿಂಗಡಿಸಿದನು. ಮನೆಯೊಳಗೆ ಕೂತಾಡುವ ಆಟಗಳಿಗೆ ಈ ವಿಂಗಡಣೆಯನ್ನು ಒಗ್ಗಿಸಿಕೊಂಡು ಹೇಳುವುದಾದರೆ, ಅವುಗಳಲ್ಲಿ ಮೂರು ಅಂಶಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆ: ಕವಡೆಯೋ ದಾಳವೋ ತಂದುಕೊಡುವ ಅದೃಷ್ಟ, ಆಡುವವರು ತಲೆಯಲ್ಲಿ ಹಾಕುವ ಲೆಕ್ಕ, ಎದುರಾಳಿಗೆ ಕಾಣದಂತೆ ಕೈಯಲ್ಲಿ ಹಿಡಿದಿರುವ ಗುಟ್ಟು. ಈ ಮೂರರ ಬೆರಕೆ ಹೇಗಿದೆ ಎಂಬುದರ ಮೇಲೆ ಆ ಆಟಕ್ಕೆ ಮನೆಯ ಯಾರು ಯಾರು ಜೊತೆಯಾಗಿ ಕೂರಬಹುದು, ಸೋಲು ಯಾರನ್ನು ಎಷ್ಟು ಚುಚ್ಚುತ್ತದೆ ಎಂಬುದು ನಿರ್ಧಾರವಾಗುತ್ತದೆ.

ಬೆರಕೆಯ ಒಂದು ತುದಿಯಲ್ಲಿ ಪರಮಪದ ಸೋಪಾನ ಪಟ ನಿಂತಿದೆ. ಇಂದು ಹಾವು-ಏಣಿ ಆಟವೆಂದು ಮಕ್ಕಳಿಗೆ ಪರಿಚಿತವಾಗಿರುವುದು ಇದರದೇ ಸರಳಗೊಂಡ ರೂಪ. 19ನೇ ಶತಮಾನದ ಕೊನೆಯ ಭಾಗದಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಅಂಗಡಿಗಳ ಮೂಲಕ ಜಗತ್ತನ್ನೆಲ್ಲ ಸುತ್ತಿದ ಆಟವಿದು. ಹಳೆಯ ಪಟಗಳಲ್ಲಿ ಮನೆಗಳಿಗೆ ಬರಿಯ ಅಂಕಿಗಳಿರದೆ ಸದ್ಗುಣ, ದುರ್ಗುಣ, ಲೋಕಗಳ ಹೆಸರುಗಳಿರುತ್ತವೆ. ಒಳ್ಳೆಯ ಗುಣದ ಮನೆಯಿಂದ ಏಣಿ ಮೇಲೇರುತ್ತದೆ, ಕೆಟ್ಟ ಗುಣದ ಮನೆಯಲ್ಲಿ ಹಾವು ಬಾಯಿ ತೆರೆದಿರುತ್ತದೆ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಪರಮಪದವಿರುತ್ತದೆ. ಜೈನ ಪರಂಪರೆಯಲ್ಲಿಯೂ ಇದೇ ಮಾದರಿಯ ಪಟಗಳಿವೆ. ವೈಕುಂಠ ಏಕಾದಶಿಯ ರಾತ್ರಿ ಜಾಗರಣೆ ಮಾಡುವ ಮನೆಗಳಲ್ಲಿ ನಿದ್ದೆಯನ್ನು ದೂರವಿಡಲು ಈ ಪಟವನ್ನು ಹಾಸುವ ರೂಢಿಯಿದೆ. ಈ ಆಟದಲ್ಲಿ ಆಡುವವರು ನಿರ್ಧರಿಸಬೇಕಾದದ್ದು ಏನೂ ಇಲ್ಲ. ದಾಳ ಎಷ್ಟು ತೋರಿಸಿತೋ ಅಷ್ಟು ನಡೆಯಬೇಕು, ಹಾವು ಕಚ್ಚಿದರೆ ಇಳಿಯಬೇಕು. ಹೀಗಾಗಿ ವೇದಾಂತ ಓದಿದ ತಾತನಿಗೂ ಎಣಿಕೆಯನ್ನು ಆಗಷ್ಟೇ ಕಲಿತ ಮಗುವಿಗೂ ಗೆಲ್ಲುವ ಅವಕಾಶ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರುತ್ತದೆ. ಸಮತೆ ಇಲ್ಲಿ ಸಂಪೂರ್ಣ. ಆದರೆ ಆ ಸಮತೆಗೆ ತೆರಬೇಕಾದ ಬೆಲೆಯೆಂದರೆ ಆಟಗಾರನ ಜಾಣ್ಮೆಗೆ ಇಲ್ಲಿ ಮಾಡಲು ಕೆಲಸವೇ ಇರುವುದಿಲ್ಲ. ಸ್ವಲ್ಪ ದೊಡ್ಡದಾದ ಮಗು ಈ ಆಟವನ್ನು ಬಿಟ್ಟು ಮುಂದೆ ಹೋಗುವುದು ಸಹಜ.

ಅದು ಮುಂದೆ ಬಂದು ನಿಲ್ಲುವ ಜಾಗವೇ ಚೌಕಾಬಾರ. ಕಟ್ಟೆಮನೆ ಎಂಬ ಹೆಸರೂ ಇರುವ ಈ ಆಟಕ್ಕೆ ಬೇಕಾಗುವ ಸಾಮಗ್ರಿ ಅತ್ಯಲ್ಪ. ನೆಲದ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಉದ್ದಕ್ಕೆ ಐದು, ಅಡ್ಡಕ್ಕೆ ಐದು ಎಂದು 25 ಮನೆಗಳನ್ನು ಬರೆದು, ನಾಲ್ಕು ಬದಿಗಳ ನಡುಮನೆಗಳಿಗೂ ಕೇಂದ್ರದ ಮನೆಗೂ ಅಡ್ಡಗೆರೆ ಎಳೆದು ಗುರುತು ಮಾಡಿದರೆ ಮಣೆ ಸಿದ್ಧವಾಗುತ್ತದೆ. ಗುರುತಿರುವ ಮನೆಗಳು ಕಟ್ಟೆಗಳು, ಎಂದರೆ ಅಲ್ಲಿ ಕುಳಿತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಆಡುವ ನಾಲ್ವರಿಗೆ ತಲಾ ನಾಲ್ಕು ಕಾಯಿಗಳು. ಒಡೆದ ಬಳೆಯ ಚೂರು, ಹುಣಸೆಬೀಜ, ಅವರೆಕಾಳು, ಬೆಣಚುಕಲ್ಲು, ಒಬ್ಬರದು ಇನ್ನೊಬ್ಬರದರಿಂದ ಬೇರೆಯಾಗಿ ಕಾಣುವ ಯಾವುದಾದರೂ ಸರಿ. ನಾಲ್ಕು ಕವಡೆಗಳೇ ದಾಳ. ಕವಡೆ ಸಿಗದಲ್ಲಿ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡರೂ ಕೆಲಸ ನಡೆಯುತ್ತದೆ. ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂಬ ಮಾತು ಹುಟ್ಟಿದ್ದು ಕವಡೆಯೇ ಕಿರುನಾಣ್ಯವಾಗಿ ಚಲಾವಣೆಯಲ್ಲಿದ್ದ ಕಾಲದ ನೆನಪಿನಿಂದ. ಆ ಕಿಮ್ಮತ್ತಿಲ್ಲದ ವಸ್ತುವೇ ಇಲ್ಲಿ ಮನೆಮಂದಿಯ ನಡುವೆ ನ್ಯಾಯ ಹೇಳುತ್ತದೆ.

ಆ ನ್ಯಾಯದ ಲೆಕ್ಕ ಸ್ವಾರಸ್ಯಕರವಾದದ್ದು. ಹೆಚ್ಚಿನ ಮನೆಗಳ ಕ್ರಮದಲ್ಲಿ ಎಷ್ಟು ಕವಡೆಗಳು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಗರ. ನಾಲ್ಕೂ ಮೇಲಾದರೆ ನಾಲ್ಕು, ಅದೇ ಚೌಕ. ನಾಲ್ಕೂ ಬೋರಲಾದರೆ ಎಂಟು, ಅದೇ ಬಾರ. ಕವಡೆ ಮೇಲಾಗುವ, ಬೋರಲಾಗುವ ಸಾಧ್ಯತೆ ಸಮವೆಂದು ಹಿಡಿದರೆ ನಾಲ್ಕು ಕವಡೆಗಳು ಒಟ್ಟು 16 ರೀತಿಯಲ್ಲಿ ಬೀಳಬಹುದು. ಅವುಗಳಲ್ಲಿ ಒಂದು ಎಂಬ ಗರ ನಾಲ್ಕು ರೀತಿಯಲ್ಲಿ, ಎರಡು ಆರು ರೀತಿಯಲ್ಲಿ, ಮೂರು ನಾಲ್ಕು ರೀತಿಯಲ್ಲಿ, ಚೌಕ ಮತ್ತು ಬಾರ ತಲಾ ಒಂದೊಂದೇ ರೀತಿಯಲ್ಲಿ ಬರುತ್ತವೆ. ನಿಜವಾದ ಕವಡೆಗಳ ಉಬ್ಬು-ತಗ್ಗುಗಳಿಂದ ಈ ಲೆಕ್ಕ ಅಷ್ಟಿಷ್ಟು ಆಚೀಚೆಯಾದರೂ ಅದರ ಒಟ್ಟು ಆಕಾರ ಬದಲಾಗುವುದಿಲ್ಲ. ಆರು ಮುಖದ ದಾಳದಲ್ಲಿ ಎಲ್ಲ ಸಂಖ್ಯೆಗಳೂ ಸಮಾನ ಸಲುಗೆಯಿಂದ ಬರುತ್ತವೆ. ಕವಡೆಯಲ್ಲಿ ಹಾಗಲ್ಲ, ಎರಡು ಮತ್ತೆ ಮತ್ತೆ ಬರುತ್ತದೆ, ಬಾರ ಅಪರೂಪಕ್ಕೆ ಬಂದು ಆಟದ ದಿಕ್ಕನ್ನೇ ತಿರುಗಿಸುತ್ತದೆ. ಚೌಕಕ್ಕೂ ಬಾರಕ್ಕೂ ಇನ್ನೊಂದು ಎಸೆತ ಸಿಗುವುದರಿಂದ, ಎಂಟರಲ್ಲಿ ಒಂದು ಬಾರಿ ಮಾತ್ರ ದೊರೆಯುವ ಈ ಭಾಗ್ಯಕ್ಕಾಗಿ ಸುತ್ತ ಕುಳಿತವರೆಲ್ಲ ಉಸಿರು ಬಿಗಿಹಿಡಿಯುತ್ತಾರೆ. ಸಂಭವನೀಯತೆ ಎಂಬ ಗಣಿತದ ಹೆಸರನ್ನು ಕೇಳುವ ಎಷ್ಟೋ ಮೊದಲೇ, ಯಾವ ಗರವನ್ನು ನೆಚ್ಚಬಹುದು, ಯಾವುದನ್ನು ನೆಚ್ಚಬಾರದು ಎಂಬ ಅದರ ತಿರುಳು ಮಗುವಿನ ಕೈಗೆ ಹತ್ತಿರುತ್ತದೆ.

ಇಷ್ಟು ಅದೃಷ್ಟದ ಪಾಲು. ಉಳಿದದ್ದು ಲೆಕ್ಕದ ಪಾಲು. ಪ್ರತಿಯೊಂದು ಕಾಯಿಯೂ ತನ್ನ ಬದಿಯ ಕಟ್ಟೆಯಿಂದ ಹೊರಟು, ಹೊರಸುತ್ತಿನ 16 ಮನೆಗಳನ್ನು ಒಂದು ದಿಕ್ಕಿನಲ್ಲಿಯೂ ಒಳಸುತ್ತಿನ ಎಂಟು ಮನೆಗಳನ್ನು ಅದಕ್ಕೆ ವಿರುದ್ಧ ದಿಕ್ಕಿನಲ್ಲಿಯೂ ಬಳಸಿಕೊಂಡು ನಡುಮನೆಯನ್ನು ಸೇರಬೇಕು. ಒಂದು ಕಾಯಿಗೆ 24 ಹೆಜ್ಜೆಗಳು, ನಾಲ್ಕಕ್ಕೆ 96. ಗರವೊಂದು ಬಿದ್ದಾಗ ಅದನ್ನು ಯಾವ ಕಾಯಿಗೆ ಉಣಿಸಬೇಕು ಎಂಬುದು ಆಡುವವರ ಆಯ್ಕೆ. ಮುಂದಿರುವ ಕಾಯಿಯನ್ನು ಇನ್ನೂ ಮುಂದೊಯ್ಯಬೇಕೋ, ಹಿಂದೆ ಬಿದ್ದದ್ದನ್ನು ಕಟ್ಟೆಗೆ ಹತ್ತಿಸಿ ಕಾಪಾಡಬೇಕೋ, ಎದುರಾಳಿಯ ಕಾಯಿ ನಿಂತ ಮನೆಗೆ ಸರಿಯಾಗಿ ಇಳಿದು ಅದನ್ನು ಕಡಿದು ಮೊದಲ ಮನೆಗೆ ಅಟ್ಟಬೇಕೋ ಎಂಬ ಪ್ರಶ್ನೆ ಪ್ರತಿ ಸರದಿಯಲ್ಲಿಯೂ ಎದುರಾಗುತ್ತದೆ. ಒಮ್ಮೆಯಾದರೂ ಎದುರಾಳಿಯ ಕಾಯಿಯನ್ನು ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ಕಟ್ಟಳೆ ಹಲವು ಮನೆಗಳಲ್ಲಿದ್ದು, ಅದರಿಂದಾಗಿ ತನ್ನ ಪಾಡಿಗೆ ತಾನು ಸದ್ದಿಲ್ಲದೆ ನಡೆದು ಗೆಲ್ಲುವ ದಾರಿ ಮುಚ್ಚಿಹೋಗುತ್ತದೆ. ಪ್ರೀತಿಯ ಅಜ್ಜಿಯ ಕಾಯಿಯನ್ನೂ ಮೊಮ್ಮಗಳು ಕಡಿಯಲೇಬೇಕಾಗುತ್ತದೆ, ಕಡಿಸಿಕೊಂಡ ಅಜ್ಜಿ ಸರದಿ ಬಂದಾಗ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ನಡುಮನೆ ಸೇರಿದ ಕಾಯಿಯನ್ನು ಹಣ್ಣಾಯಿತು ಎನ್ನುತ್ತಾರೆ. ಬಲಿಯುವ ಮುನ್ನ ಎಷ್ಟೋ ಸಲ ಉದುರಿ ಮತ್ತೆ ಮೊದಲಿನಿಂದ ಹೊರಟದ್ದೇ ಹಣ್ಣಾಗುತ್ತದೆ ಎಂಬ ಅರಿವು ಆ ಒಂದು ಪದದಲ್ಲಿಯೇ ಅಡಗಿದೆ. ಲೆಕ್ಕ ಬಲ್ಲ ಹಿರಿಯರು ಹತ್ತು ಆಟಗಳಲ್ಲಿ ಹೆಚ್ಚನ್ನು ಗೆಲ್ಲಬಹುದು, ಆದರೆ ಯಾವುದೇ ಒಂದು ಆಟವನ್ನು ಮಗು ನ್ಯಾಯವಾಗಿಯೇ ಗೆದ್ದುಕೊಳ್ಳಬಹುದು. ಕುಟುಂಬದ ಆಟವೆಂದು ಚೌಕಾಬಾರ ಇಷ್ಟುಕಾಲ ಉಳಿದುಬಂದಿರುವುದಕ್ಕೆ ಈ ಹದವೇ ಕಾರಣ.

ಅದೃಷ್ಟದ ಸೋಂಕೇ ಇಲ್ಲದ ಆಟಗಳು ಬೆರಕೆಯ ಇನ್ನೊಂದು ತುದಿಯಲ್ಲಿವೆ. ಹಳೆಯ ಮೈಸೂರಿನ ಕಡೆ ಅಳಗುಳಿಮಣೆಯೆಂದೂ ತುಳುನಾಡಿನಲ್ಲಿ ಚೆನ್ನೆಮಣೆಯೆಂದೂ ತಮಿಳುನಾಡಿನಲ್ಲಿ ಪಲ್ಲಾಂಗುಳಿಯೆಂದೂ ಕರೆಸಿಕೊಳ್ಳುವ ಆಟ ಅವುಗಳಲ್ಲಿ ಮುಖ್ಯವಾದದ್ದು. ಆಫ್ರಿಕಾ ಮತ್ತು ಏಷ್ಯಾಗಳಲ್ಲಿ ಹರಡಿರುವ, ಸಾಗಿಸು ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಮಂಕಾಲ ಎಂಬ ಹೆಸರು ಪಡೆದ ಆಟಗಳ ದೊಡ್ಡ ಬಳಗಕ್ಕೆ ಇದೂ ಸೇರಿದೆ. ಮರದ ಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲುಗಳನ್ನು ಕೊರೆದಿರುತ್ತಾರೆ. ತುಳುನಾಡಿನ ರೂಢಿಯಂತೆ ಗುಳಿಗೆ ನಾಲ್ಕರಂತೆ 56 ಕಾಳುಗಳನ್ನು ತುಂಬಿ ಆಟ ಆರಂಭಿಸುತ್ತಾರೆ. ಆಡುವವರು ತಮ್ಮ ಸಾಲಿನ ಒಂದು ಗುಳಿಯ ಕಾಳುಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುತ್ತಾರೆ. ಕೈ ಬರಿದಾದಾಗ ಮುಂದಿನ ಗುಳಿಯ ಕಾಳುಗಳನ್ನೆತ್ತಿ ಬಿತ್ತನೆ ಮುಂದುವರಿಸುತ್ತಾರೆ. ಮುಂದಿನ ಗುಳಿ ಖಾಲಿಯಿದ್ದರೆ ಅದನ್ನು ಬೆರಳಿನಿಂದ ಸವರಿ, ಅದರಾಚೆಯ ಗುಳಿಯಲ್ಲಿರುವುದನ್ನು ಗೆದ್ದುಕೊಳ್ಳುತ್ತಾರೆ. ಎಸೆಯಲು ಕವಡೆಯಿಲ್ಲ, ಬಚ್ಚಿಡಲು ಗುಟ್ಟಿಲ್ಲ. ಎಲ್ಲವೂ ಇಬ್ಬರ ಕಣ್ಣೆದುರೇ ಇರುತ್ತದೆ, ಮುಂದೆ ಏನಾಗುವುದೆಂದು ಯಾರು ಹೆಚ್ಚು ದೂರ ಎಣಿಸಬಲ್ಲರೋ ಅವರದೇ ಗೆಲುವು. ಕೃಷಿಯ ಕೆಲಸ ಹಗುರಾಗಿ ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಚೆನ್ನೆ ಆಡುವುದು ತುಳುನಾಡಿನ ಪದ್ಧತಿ.

ಲೆಕ್ಕವೇ ಸರ್ವಸ್ವವಾದ ಆಟದಲ್ಲಿ ಸೋತವರಿಗೆ ಆತುಕೊಳ್ಳಲು ಏನೂ ಉಳಿಯುವುದಿಲ್ಲ. ಕವಡೆ ಕೈಕೊಟ್ಟಿತೆಂದು ಹೇಳಿಕೊಳ್ಳುವಂತಿಲ್ಲ, ಎಲೆ ಚೆನ್ನಾಗಿ ಬರಲಿಲ್ಲವೆನ್ನುವಂತಿಲ್ಲ, ಸೋಲೆಲ್ಲ ತನ್ನದೇ. ಈ ಅಪಾಯವನ್ನು ತುಳುವರ ಜನಪದ ಪ್ರತಿಭೆ ಬಹು ಹಿಂದೆಯೇ ಕಂಡುಕೊಂಡಿತ್ತು. ಗೋಪಾಲ ನಾಯ್ಕರು ಹಾಡಿದ, ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಸಂಗಡಿಗರು ಸಂಪಾದಿಸಿ 1998ರಲ್ಲಿ ಪ್ರಕಟಿಸಿದ ಸಿರಿ ಮಹಾಕಾವ್ಯದ ಕೊನೆಯ ಭಾಗದಲ್ಲಿ, ಸಿರಿಯ ಮೊಮ್ಮಕ್ಕಳಾದ ಅಬ್ಬಗ ಮತ್ತು ದಾರಗ ಎಂಬ ಅವಳಿ ಸೋದರಿಯರು ಚೆನ್ನೆ ಆಡಲು ಕೂರುತ್ತಾರೆ. ಆಟ ಜಗಳಕ್ಕೆ ತಿರುಗಿ ಅಬ್ಬಗ ಚೆನ್ನೆಮಣೆಯಿಂದಲೇ ದಾರಗಳನ್ನು ಹೊಡೆಯುತ್ತಾಳೆ, ದಾರಗ ಸಾಯುತ್ತಾಳೆ, ದುಃಖ ತಾಳಲಾರದೆ ಅಬ್ಬಗ ಬಾವಿಗೆ ಹಾರುತ್ತಾಳೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಈ ಆಟದ ಅರ್ಥಗಳನ್ನು ಕುರಿತು ಪ್ರತ್ಯೇಕ ಅಧ್ಯಯನವನ್ನೇ ಬರೆದಿದ್ದಾರೆ. ಒಂದೇ ಗರ್ಭದಲ್ಲಿ ಬೆಳೆದು ಎಲ್ಲದರಲ್ಲೂ ಸಮಾನರಾಗಿರುವ ಇಬ್ಬರನ್ನು ಹೆಚ್ಚು-ಕಡಿಮೆಯೆಂದು ಒಡೆಯುವ ಶಕ್ತಿ ಚೆನ್ನೆಗಿದೆ ಎಂಬುದು ಈ ಕಥೆಯ ಬೆಂಕಿಯಂಥ ತಿಳಿವಳಿಕೆ. ಕುಟುಂಬದಲ್ಲಿ ಆಟ ತಾನಾಗಿಯೇ ಬಾಂಧವ್ಯವನ್ನು ಬೆಸೆಯುತ್ತದೆ ಎಂಬ ಸಿಹಿಮಾತನ್ನು ಜನಪದರು ನಂಬಲಿಲ್ಲ. ಬೆಸೆಯಬಲ್ಲದ್ದು ಒಡೆಯಲೂ ಬಲ್ಲದು, ಆದ್ದರಿಂದ ಮಣೆಯ ಮುಂದೆ ಕೂರುವವರಿಗೆ ಸೋಲನ್ನು ಹೊರುವ ಹದ ಬಂದಿರಬೇಕು ಎಂದು ಅವರು ಎಚ್ಚರಿಸಿದರು.

ಲೆಕ್ಕದ ಆಟವನ್ನೂ ಅಸಮಾನರಿಗೆ ಒಗ್ಗಿಸುವ ಇನ್ನೊಂದು ಉಪಾಯ ಹುಲಿ-ಕುರಿ ಆಟದಲ್ಲಿದೆ. ತ್ರಿಕೋನಾಕಾರದ ಗೆರೆಗಳು ಕೂಡುವ 23 ಬಿಂದುಗಳ ಮಣೆಯ ಮೇಲೆ ಒಬ್ಬರು ಮೂರು ಹುಲಿಗಳನ್ನೂ ಇನ್ನೊಬ್ಬರು 15 ಕುರಿಗಳನ್ನೂ ಆಡಿಸುತ್ತಾರೆ. ಹುಲಿ ಕುರಿಯ ಮೇಲಿಂದ ಆಚೆಯ ಖಾಲಿ ಬಿಂದುವಿಗೆ ಜಿಗಿದು ಅದನ್ನು ತಿನ್ನುತ್ತದೆ, ಕುರಿಗಳು ಒಗ್ಗಟ್ಟಾಗಿ ನಿಂತು ಹುಲಿ ಅಲುಗದಂತೆ ಕಟ್ಟಿಹಾಕುತ್ತವೆ. ಎರಡೂ ಕಡೆಯ ಬಲ, ಗುರಿ, ನಡೆ ಬೇರೆ ಬೇರೆಯಾದ್ದರಿಂದ ಪಳಗಿದವರು ಕಷ್ಟದ ಪಕ್ಷವನ್ನು ತಾವು ಹಿಡಿದು ಸುಲಭದ್ದನ್ನು ಹೊಸಬರಿಗೆ ಬಿಟ್ಟುಕೊಡಬಹುದು. ಒಂದಾಟ ಮುಗಿದ ಮೇಲೆ ಪಕ್ಷ ಬದಲಿಸಿಕೊಂಡು, ಬೇಟೆಯಾಡುವವನ ಕಣ್ಣಿನಿಂದಲೂ ಬೇಟೆಯಾಗುವವನ ಕಣ್ಣಿನಿಂದಲೂ ಅದೇ ಮಣೆಯನ್ನು ನೋಡಬಹುದು. ಹಂಪಿಯ ಗುಡಿಗಳ ಮಂಟಪಗಳಲ್ಲಿ ನೆಲದ ಚಪ್ಪಡಿಗಳ ಮೇಲೆ ಕೊರೆದ ಆಟದ ಮಣೆಗಳು ಇಂದಿಗೂ ಕಾಣಸಿಗುತ್ತವೆ. ಕಂಬಗಳ ಮೇಲೆ ದೇವತೆಗಳು ಕುಣಿಯುತ್ತಿರುವಾಗ ಕೆಳಗೆ ಕುಳಿತ ಜನ ಉಳಿ ಹಿಡಿದು ತಮ್ಮ ಬಿಡುವಿಗೊಂದು ಗುರುತು ಮಾಡಿಟ್ಟರು. ನವಲಗುಂದದ ನೇಕಾರ ಹೆಣ್ಣುಮಕ್ಕಳು ನೇಯುವ ಜಮಖಾನೆಗಳಲ್ಲಿ ಪಗಡೆಯ ಹಾಸು ಒಂದು ವಿಶಿಷ್ಟ ಬಗೆಯಾಗಿದ್ದು, ಹಾಸಿದ ಕೂಡಲೇ ನೆಲವೇ ಮಣೆಯಾಗುತ್ತದೆ.

ಮೂರನೆಯ ಅಂಶವಾದ ಗುಟ್ಟು ಮನೆಯೊಳಗೆ ಬಂದದ್ದು ಎಲೆಗಳ ಆಟದೊಂದಿಗೆ. ಇಸ್ಪೀಟಿಗಿಂತ ಮೊದಲು ಈ ನಾಡಿನಲ್ಲಿ ಗಂಜೀಫಾ ಇತ್ತು. ಮೊಗಲ್ ದೊರೆ ಬಾಬರನು 1527ರಲ್ಲಿ ಸಿಂಧ್ ಪ್ರಾಂತದ ಶಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಮೊಗಲ್ ಕಟ್ಟಿನಲ್ಲಿ ಎಂಟು ವರ್ಗಗಳ 96 ದುಂಡನೆಯ ಎಲೆಗಳಿದ್ದರೆ, ಆ ಆಟ ದೇಶೀಯ ರೂಪ ತಾಳಿದಾಗ ಹುಟ್ಟಿದ ದಶಾವತಾರ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳಾದವು. ಪ್ರತಿ ವರ್ಗದಲ್ಲಿ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ಮೂವರು ಆಡುವಾಗ ಒಬ್ಬೊಬ್ಬರ ಕೈಗೆ 40 ಎಲೆಗಳು ಬರುತ್ತವೆ. ಹಗಲಿನಲ್ಲಿ ರಾಮನ ರಾಜ ಇರುವವರು, ರಾತ್ರಿಯಲ್ಲಿ ಕೃಷ್ಣನ ರಾಜ ಇರುವವರು ಆಟ ಆರಂಭಿಸಬೇಕೆಂಬುದು ಸಂಪ್ರದಾಯ. ಐದು ವರ್ಗಗಳಲ್ಲಿ ಹತ್ತು ಮೇಲು, ಒಂದು ಕೀಳು. ಉಳಿದ ಐದರಲ್ಲಿ ಅದು ತಲೆಕೆಳಗಾಗಿ ಒಂದು ಮೇಲು, ಹತ್ತು ಕೀಳು. ಬಿದ್ದ ಎಲೆಗಳನ್ನೆಲ್ಲ ನೆನಪಿಟ್ಟುಕೊಂಡು, ಉಳಿದವುಗಳಲ್ಲಿ ಯಾವುದು ದೊಡ್ಡದೆಂದು ತಿಳಿಯುವವರೇ ಇಲ್ಲಿ ಗೆಲ್ಲುತ್ತಾರಾದ್ದರಿಂದ, ಮೈಕಸುವು ಕುಂದಿದ ಮುದುಕರ ಬುದ್ಧಿಗೆ ಈ ಆಟ ಒಳ್ಳೆಯ ವ್ಯಾಯಾಮ.

ಮೈಸೂರಿನಲ್ಲಿ ಎಲೆಯಾಟಕ್ಕೆ ಸಿಕ್ಕ ರಾಜಾಶ್ರಯಕ್ಕೆ ಸಾಟಿ ಕಡಿಮೆ. 1794ರಲ್ಲಿ ಹುಟ್ಟಿ 1868ರವರೆಗೆ ಬದುಕಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ಆಡಳಿತಾಧಿಕಾರ ಬ್ರಿಟಿಷರ ಪಾಲಾದ ಬಳಿಕ ವಿದ್ಯೆ, ಕಲೆ, ಆಟಗಳಿಗೆ ತಮ್ಮ ಹೆಚ್ಚಿನ ಕಾಲವನ್ನು ಮೀಸಲಿಟ್ಟರು. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೆಂಬ ಒಂದು ಭಾಗ ಆಟಗಳಿಗೇ ಮುಡಿಪಾಗಿದೆ. ಅವರು ಹೊಸದಾಗಿ ರೂಪಿಸಿದ ಎಲೆಯಾಟಗಳು ಛದ ಎಂಬ ಹೆಸರಿನವು; ಅವುಗಳಲ್ಲಿ ದೊಡ್ಡದಕ್ಕೆ 360 ಎಲೆಗಳು ಬೇಕಾಗುತ್ತಿದ್ದವು. ಚದುರಂಗದ ಕುದುರೆಯನ್ನು 64 ಮನೆಗಳಲ್ಲಿ ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಮೆಟ್ಟದೆ ನಡೆಸುವ ಸಮಸ್ಯೆಗೆ ಅವರು ಕಂಡುಕೊಂಡ ಪರಿಹಾರಗಳೂ ಪ್ರಸಿದ್ಧವಾಗಿವೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದಿರುವ ಮೈಸೂರು ಗಂಜೀಫಾ ಇಂದು ಬಹುಮಟ್ಟಿಗೆ ಚಿತ್ರಕಲೆಯಾಗಿ ಉಳಿದಿದೆ; ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಆ ಕುಂಚವನ್ನು ಕಾಪಾಡಿದ್ದಾರೆ, ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆ-ಹಾಸುಗಳನ್ನು ಮತ್ತೆ ಜನರ ಕೈಗೆ ತಲುಪಿಸಿದೆ. ಆದರೂ ಛದದ ಆಟಗಳು ಮನೆಗಳಲ್ಲಿ ನೆಲೆಯೂರಲಿಲ್ಲ ಎಂಬುದರಲ್ಲಿ ಒಂದು ಪಾಠವಿದೆ. ಅರಮನೆಯ 360 ಎಲೆಗಳಿಗಿಂತ ಹಿತ್ತಲಿನ ನಾಲ್ಕು ಹುಣಸೆಬೀಜಗಳು ಹೆಚ್ಚು ಕಾಲ ಬಾಳಿದವು. ಏಕೆಂದರೆ ಆಟವನ್ನು ಉಳಿಸುವುದು ಸಾಮಗ್ರಿಯ ಸೊಬಗಲ್ಲ, ಮಗುವೊಂದು ಒಂದು ಮಧ್ಯಾಹ್ನದಲ್ಲಿ ಅದನ್ನು ಕಲಿತು ಮರುದಿನ ಇನ್ನೊಂದು ಮಗುವಿಗೆ ಕಲಿಸಬಲ್ಲ ಸರಳತೆ.

ಇಸ್ಪೀಟಿನ ಬಳಗದಲ್ಲಿ ಕುಟುಂಬಕ್ಕೆ ಹೇಳಿಮಾಡಿಸಿದಂಥ ಆಟವೆಂದರೆ ಕರಾವಳಿಯಲ್ಲಿಯೂ ಕೇರಳದಲ್ಲಿಯೂ ಪ್ರಚಲಿತವಾಗಿರುವ ಇಪ್ಪತ್ತೆಂಟು. ಏಳರಿಂದ ಎಕ್ಕದವರೆಗಿನ 32 ಎಲೆಗಳನ್ನು ನಾಲ್ವರು ಹಂಚಿಕೊಳ್ಳುತ್ತಾರೆ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು ಅಂಕದಂತೆ ಒಂದು ವರ್ಗಕ್ಕೆ ಏಳು, ನಾಲ್ಕು ವರ್ಗಗಳಿಗೆ 28 ಅಂಕಗಳಾಗುವುದರಿಂದ ಆ ಹೆಸರು. ಗುಲಾಮನನ್ನೂ ಒಂಬತ್ತನ್ನೂ ಮೇಲಕ್ಕೇರಿಸುವ ಈ ಕ್ರಮ ಯುರೋಪಿನ ಜಾಸ್ ಎಂಬ ಆಟಗಳ ಗುಂಪಿನಲ್ಲಿಯೂ ಇದೆ. ರಾಜ-ರಾಣಿಯರಿಗೆ ಇಲ್ಲಿ ಒಂದು ಅಂಕವೂ ಇಲ್ಲ. ಎದುರುಬದುರು ಕುಳಿತವರು ಜೊತೆಗಾರರು. ಅವರ ನಡುವೆ ಮಾತಿಗಾಗಲಿ ಸನ್ನೆಗಾಗಲಿ ಅವಕಾಶವಿಲ್ಲ, ಇಳಿಸಿದ ಎಲೆಯಿಂದಲೇ ಮನಸ್ಸನ್ನು ಓದಿಕೊಳ್ಳಬೇಕು. ಮನೆಯಲ್ಲಿ ದಿನವಿಡೀ ಅಪ್ಪನ ಮಾತು ಕೇಳುವ ಮಗ ಇಲ್ಲಿ ಅಪ್ಪನ ಜೊತೆಗಾರನಾಗಿ, ಅವನ ತುರುಪನ್ನು ಊಹಿಸಿ, ಸರಿಯಾದ ಹೊತ್ತಿಗೆ ಸರಿಯಾದ ಎಲೆಯನ್ನಿಳಿಸಿ ಅವನನ್ನು ಸೋಲಿನಿಂದ ಪಾರುಮಾಡಬಲ್ಲನು. ಹಿರಿಯನೊಬ್ಬ ಕಿರಿಯನ ತಿಳಿವಳಿಕೆಯನ್ನು ನೆಚ್ಚಿ ಕೂರಬೇಕಾದ ಇಂಥ ಸಂದರ್ಭಗಳು ಮನೆಯ ಬೇರೆ ವ್ಯವಹಾರಗಳಲ್ಲಿ ವಿರಳ.

ಎಲೆಯಾಟದ ಮಾತು ಬಂದಾಗ ಜೂಜಿನ ಮಾತನ್ನು ಮರೆಮಾಚುವುದು ಸಾಧುವಲ್ಲ. ಪಗಡೆಯೆಂದರೆ ಕನ್ನಡದ ಓದುಗನಿಗೆ ಮೊದಲು ನೆನಪಾಗುವುದು ಪಂಪ, ಕುಮಾರವ್ಯಾಸರ ಭಾರತಗಳಲ್ಲಿ ಬರುವ ದ್ಯೂತದ ಸಭೆ. ಇಸ್ಪೀಟೆಂದರೆ ಎಷ್ಟೋ ಮನೆಗಳ ಹೆಂಗಸರಿಗೆ ನೆನಪಾಗುವುದು ಸಂಬಳವೂ ಒಡವೆಯೂ ಕರಗಿಹೋದ ರಾತ್ರಿಗಳು. ಎಲೆಗಳನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳದ ಹಿರಿಯರ ಕಟ್ಟುನಿಟ್ಟಿನ ಹಿಂದೆ ಕಂಡುಂಡ ನೋವಿದೆ, ಅದನ್ನು ಅಂಧ ಸಂಪ್ರದಾಯವೆಂದು ತಳ್ಳಿಹಾಕಲಾಗದು. ಆದರೆ ಧರ್ಮರಾಯನನ್ನು ಕೆಡಿಸಿದ್ದು ದಾಳದ ಅದೃಷ್ಟವಲ್ಲ, ಪಣ ಮತ್ತು ಕಪಟ. ಪಣವಿಟ್ಟ ಆಟದಲ್ಲಿ ಸೋಲು ಆಟ ಮುಗಿದ ಮೇಲೂ ಉಳಿಯುತ್ತದೆ. ಪಣವಿಲ್ಲದ ಆಟದಲ್ಲಿ ಕಾಯಿಗಳನ್ನು ಡಬ್ಬಿಗೆ ತುಂಬಿದೊಡನೆ ಸೋಲೂ ಡಬ್ಬಿಯೊಳಗೆ ಹೋಗುತ್ತದೆ. ಸೋತದ್ದನ್ನು ಮರಳಿ ಪಡೆಯುವ ಹಪಾಹಪಿಯಿಂದ ಮತ್ತೊಂದಾಟ ಆಡುವುದು ಜೂಜು. ಆಡಿದ ಸುಖಕ್ಕಾಗಿ ಮತ್ತೊಂದಾಟ ಆಡುವುದು ಆಟ. ಈ ಗೆರೆಯನ್ನು ಮಕ್ಕಳಿಗೆ ಉಪದೇಶದಿಂದ ಕಲಿಸುವುದಕ್ಕಿಂತ, ಹುಣಸೆಬೀಜವನ್ನಷ್ಟೇ ಗೆಲ್ಲುವ ಸೋಲುವ ಆಟಕ್ಕೆ ಮನೆಯಲ್ಲಿ ಜಾಗ ಕೊಟ್ಟು ಕಲಿಸುವುದು ಸುಲಭ.

ಮನೆಯ ಆಟಗಳಿಗೆ ಇರುವ ಇನ್ನೊಂದು ಗುಣ ಅಚ್ಚಾದ ನಿಯಮಪುಸ್ತಕದ ಗೈರುಹಾಜರಿ. ಚೌಕಾಬಾರದ ಕಟ್ಟಳೆಗಳು ಊರಿಂದೂರಿಗೆ, ಒಂದೇ ಊರಿನಲ್ಲಿ ಮನೆಯಿಂದ ಮನೆಗೆ ಬೇರೆಯಾಗುತ್ತವೆ: ಒಂದು ಕಡೆ ಬಾರ ಸತತವಾಗಿ ಮೂರು ಸಲ ಬಿದ್ದರೆ ಗರವೆಲ್ಲ ಸುಟ್ಟುಹೋಗುತ್ತದೆ, ಇನ್ನೊಂದು ಕಡೆ ಅದೇ ಮಹಾಭಾಗ್ಯ, ಒಂದು ಕಡೆ ಜೋಡಿಯಾಗಿ ನಿಂತ ಕಾಯಿಗಳನ್ನು ಒಂಟಿ ಕಾಯಿ ಕಡಿಯಲಾಗದು, ಇನ್ನೊಂದು ಕಡೆ ಜೋಡಿಯೆಂಬ ಮಾತೇ ಇಲ್ಲ. ಹೀಗಾಗಿ ಹೊಸಬರು ಕುಳಿತಾಗಲೆಲ್ಲ ಕವಡೆ ಎಸೆಯುವ ಮೊದಲು ಒಂದು ಮಾತುಕತೆ ನಡೆಯಬೇಕಾಗುತ್ತದೆ. ಮದುವೆಯಾಗಿ ಬಂದ ಸೊಸೆ ತನ್ನ ತವರಿನ ಕ್ರಮವನ್ನು ಹೇಳುತ್ತಾಳೆ, ಅತ್ತೆ ಈ ಮನೆಯ ಕ್ರಮವನ್ನು ಹೇಳುತ್ತಾರೆ, ಮಕ್ಕಳು ತಮಗೆ ಅನುಕೂಲವಾದದ್ದರ ಪರ ವಾದಿಸುತ್ತಾರೆ. ಕೊನೆಗೆ ಎಲ್ಲರೂ ಒಪ್ಪಿದ್ದು ಆ ಹೊತ್ತಿನ ಶಾಸನವಾಗುತ್ತದೆ, ಒಮ್ಮೆ ಒಪ್ಪಿದ ಮೇಲೆ ಮನೆಯ ಯಜಮಾನನೂ ಅದನ್ನು ಮುರಿಯುವಂತಿಲ್ಲ. ಕಾನೂನೆಂದರೆ ಮೇಲಿನಿಂದ ಇಳಿದುಬರುವ ಆಜ್ಞೆಯಲ್ಲ, ಅದಕ್ಕೆ ಒಳಪಡುವವರು ಕೂಡಿ ಮಾಡಿಕೊಳ್ಳುವ ಒಪ್ಪಂದ ಎಂಬ ತತ್ತ್ವವನ್ನು ಆರು ವರ್ಷದ ಮಗುವಿಗೆ ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪಾಠ ಬೇರೊಂದಿರಲಾರದು.

ಮೊಬೈಲಿನ ಪರದೆಯ ಮೇಲೆ ಇದೇ ಬಳಗದ ಆಟಗಳು ಈಗ ಧಾರಾಳವಾಗಿ ಸಿಗುತ್ತವೆ. ಪಚೀಸಿಯಿಂದ ಹುಟ್ಟಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಲೂಡೊ, ಒಂದು ಶತಮಾನದ ಬಳಿಕ ಪರದೆಯೇರಿ ಹಿಂದಿರುಗಿದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಬೆಂಗಳೂರಿನ ಮಗಳು, ಧಾರವಾಡದ ತಂದೆ, ಅಮೆರಿಕದ ಮೊಮ್ಮಗ ಒಂದೇ ಆಟದಲ್ಲಿ ಸೇರುವಂತೆ ಮಾಡಿದ್ದೂ ಅದೇ. ದೂರದಲ್ಲಿರುವವರನ್ನು ಕೂಡಿಸುವ ಆ ಉಪಕಾರವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅಲ್ಲಿ ಎಣಿಸುವುದು ಯಂತ್ರ, ಕಾಯಿ ನಡೆಸುವುದು ಯಂತ್ರ, ತಪ್ಪು ನಡೆಯನ್ನು ತಡೆಯುವುದೂ ಯಂತ್ರ. ಕಳ್ಳಾಟ ಸಾಧ್ಯವೇ ಇಲ್ಲದ ಕಡೆ ಪ್ರಾಮಾಣಿಕತೆಯೂ ಬೇಕಾಗುವುದಿಲ್ಲ, ನಿಯಮ ಬದಲಿಸಲಾಗದ ಕಡೆ ಒಪ್ಪಂದವೂ ಬೇಕಾಗುವುದಿಲ್ಲ. ಮಣೆಯ ಮುಂದೆ ಕೂತ ಮಗು ಒಂದು ಮನೆಯನ್ನು ಹೆಚ್ಚಾಗಿ ಎಣಿಸಬಹುದಾಗಿದ್ದರೂ ಎಣಿಸದೆ ಬಿಡುವ ಆ ಗಳಿಗೆಯಲ್ಲಿ ಅದರೊಳಗೆ ಏನೋ ಗಟ್ಟಿಯಾಗುತ್ತದೆ. ಪರದೆಯ ಆಟ ಆ ಗಳಿಗೆಯನ್ನು ಕೊಡಲಾರದು.

ಆದ್ದರಿಂದ ಈ ಆಟಗಳನ್ನು ಉಳಿಸುವುದೆಂದರೆ ಬೀಟೆಮರದ ಮಣೆಯನ್ನು ಕೊಂಡು ಗಾಜಿನ ಕಪಾಟಿನಲ್ಲಿಡುವುದಲ್ಲ. ಅಜ್ಜ-ಅಜ್ಜಿಯರ ನೆನಪಿನಲ್ಲಿ ಮಾತ್ರ ಬರೆದಿಟ್ಟಿರುವ ಮನೆಮನೆಯ ಕಟ್ಟಳೆಗಳು ಅವರೊಂದಿಗೇ ಹೋಗಿಬಿಡುತ್ತವೆ, ಅವುಗಳಿಗೆ ಬೇರೆ ಪ್ರತಿಯಿಲ್ಲ. ವಾರಕ್ಕೊಂದು ಸಂಜೆ, ಆಟಿಯ ಒಂದು ಮಳೆಯ ಮಧ್ಯಾಹ್ನ, ಜಾಗರಣೆಯ ಒಂದು ರಾತ್ರಿ, ಇಷ್ಟು ಬಿಡುವು ಸಿಕ್ಕರೆ ಸಾಕು: ನೆಲದ ಮೇಲೆ 25 ಮನೆಗಳನ್ನು ಮನೆಯ ಅತ್ಯಂತ ಕಿರಿಯ ಕೈ ಬರೆಯಲಿ, ಬಾರ ಮೂರು ಸಲ ಬಿದ್ದರೆ ಏನೆಂಬುದನ್ನು ಅತ್ಯಂತ ಹಿರಿಯ ನಾಲಗೆ ಹೇಳಲಿ, ನಡುವಿನವರು ಫೋನನ್ನು ಒಳಗಿಟ್ಟು ಬಂದು ತಮ್ಮ ಸರದಿಗಾಗಿ ಕಾಯಲಿ.